ಯಾರ್ಕ್‌ಶೈರ್ ರಗ್ಬಿ ಯೂನಿಯನ್ ಅಂದ್ರೆ ಯಾರು? ಒಂದೇ ಊರಲ್ಲಿ ಎರಡು ರಗ್ಬಿ ಯಾಕೆ?

ನೀವು ಲೀಡ್ಸ್‌ಗೆ ಹೊಸದಾಗಿ ಬಂದಿದ್ದೀರಿ, ಏಳು ವರ್ಷದ ಮಗನನ್ನು ರಗ್ಬಿಗೆ ಸೇರಿಸಬೇಕು ಅಂತ ಬರೆದಿದ್ದೀರಿ. ಕ್ಲಬ್ಬಿನವರು ‘ನಾವು ಯಾರ್ಕ್‌ಶೈರ್ ರಗ್ಬಿ ಫುಟ್‌ಬಾಲ್ ಯೂನಿಯನ್ ಕೆಳಗೆ ಬರುತ್ತೇವೆ’ ಅಂದರಂತೆ. ಪಕ್ಕದ ಮನೆಯ ಅಜ್ಜ ‘ಅದು ಬೇಡ, ಲೀಗ್‌ಗೆ ಹಾಕಿ’ ಅಂದರಂತೆ. ಇಲ್ಲಿ ರಗ್ಬಿಯಲ್ಲಿ ಯೂನಿಯನ್, ಲೀಗ್ ಅಂತ ಎರಡು ಬಗೆ. ಈ ಕೌಂಟಿ (ನಮ್ಮ ಜಿಲ್ಲೆಯ ಹಾಗೆ, ಯಾರ್ಕ್‌ಶೈರ್ ಅಂಥದೊಂದು) ಯೂನಿಯನ್ ಏನು ಮಾಡುತ್ತದೆ, ಎರಡು ರಗ್ಬಿ ಯಾಕೆ ಅನ್ನುವುದು ನಿಮ್ಮ ಪ್ರಶ್ನೆ.

ನಾನು ಹಡರ್ಸ್‌ಫೀಲ್ಡ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಮಗಳು ಯೂನಿಯನ್ ಕ್ಲಬ್ಬೊಂದರಲ್ಲಿ ಆಡುತ್ತಾಳೆ. ಆ ಅಜ್ಜನ ಮಾತಿಗೆ ನೂರು ವರ್ಷಕ್ಕಿಂತ ಹಳೆಯ ಜಗಳ ಅಂಟಿಕೊಂಡಿದೆ. ಅದನ್ನು ಹೇಳದೆ ಯೂನಿಯನ್ ಬಗ್ಗೆ ಹೇಳಲು ಆಗುವುದಿಲ್ಲ. ಸ್ವಲ್ಪ ಉದ್ದ ಆದೀತು.

ಇಲ್ಲಿ ಎಲ್ಲ ಶುರುವಾಗುವುದು ಬಟ್ಟೆ ಮಿಲ್ಲುಗಳಿಂದ. 1850ರ ಕಾಯ್ದೆ ಬಂದ ಮೇಲೆ ಶನಿವಾರ ಮಧ್ಯಾಹ್ನ 2ಕ್ಕೆ ಮಿಲ್ಲುಗಳು ಬಾಗಿಲು ಹಾಕತೊಡಗಿದವು. ದುಡಿಯುವ ಜನಕ್ಕೆ ಮೊದಲ ಸಲ ಅರ್ಧ ದಿನ ಕೈಗೆ ಸಿಕ್ಕಿತು. 1864ರಲ್ಲಿ ‘ಲೀಡ್ಸ್ ಮರ್ಕ್ಯುರಿ’ ಪತ್ರಿಕೆಯಲ್ಲಿ ಒಂದು ಪುಟ್ಟ ಜಾಹೀರಾತು ಬಂತು. ವುಡ್‌ಹೌಸ್ ಮೂರ್ ಬಯಲಿನಲ್ಲಿ ಬೆಳಿಗ್ಗೆ 7ರಿಂದ 8ರವರೆಗೆ ಫುಟ್‌ಬಾಲ್ ಆಡಲು ಜನ ಬೇಕಾಗಿದ್ದಾರೆ ಅಂತ. ಆಗಿನ್ನೂ ರಗ್ಬಿ ಬೇರೆ, ಸಾಕರ್ ಬೇರೆ ಅಂತ ಪೂರ್ತಿ ಬಿಡಿಸಿಟ್ಟಿರಲಿಲ್ಲ. ಆ ಬಯಲು ಈಗಲೂ ನಿಮ್ಮ ಊರಿನ ವಿಶ್ವವಿದ್ಯಾಲಯದ ಪಕ್ಕದಲ್ಲೇ ಇದೆ. ಮಗನನ್ನು ಒಮ್ಮೆ ಕರೆದುಕೊಂಡು ಹೋಗಿ.

1870ರಲ್ಲಿ ಯಾರ್ಕ್‌ಶೈರ್ ಮತ್ತು ಲ್ಯಾಂಕಶೈರ್ ತಂಡಗಳು ಲೀಡ್ಸ್‌ನಲ್ಲಿ ಆಡಿದವು. ಇಡೀ ಇಂಗ್ಲೆಂಡಿನ ರಗ್ಬಿ ಫುಟ್‌ಬಾಲ್ ಯೂನಿಯನ್, ಅಂದರೆ ಆರ್‌ಎಫ್‌ಯು, ಲಂಡನ್ನಿನಲ್ಲಿ ಹುಟ್ಟಿದ್ದು 1871ರ ಜನವರಿ 26ರಂದು. ಅಂದರೆ ಕೇಂದ್ರ ಸಂಸ್ಥೆ ಬರುವ ಮೊದಲೇ ಇಲ್ಲಿ ಕೌಂಟಿ ತಂಡ ಇತ್ತು. ಯಾರ್ಕ್‌ಶೈರ್ ಜನ ಲಂಡನ್ ಮುಂದೆ ತಲೆ ಬಾಗಿಸದೆ ಮಾತಾಡುವುದಕ್ಕೆ ಇದೂ ಒಂದು ಕಾರಣ ಅಂತ ನನಗೆ ಅನಿಸುತ್ತದೆ.

ಶುರುವಿನಲ್ಲಿ ಕೌಂಟಿಯ ರಗ್ಬಿ ಆಡಳಿತ ಬ್ರಾಡ್‌ಫರ್ಡ್, ಹಡರ್ಸ್‌ಫೀಲ್ಡ್, ಹಲ್, ಲೀಡ್ಸ್, ಯಾರ್ಕ್ ಈ ಐದು ಕ್ಲಬ್ಬುಗಳ ಕೈಯಲ್ಲಿತ್ತು. ಯಾರೂ ಅವರನ್ನು ಚುನಾಯಿಸಿರಲಿಲ್ಲ. ತಂಡ ಆರಿಸುವುದು, ಪಂದ್ಯ ಎಲ್ಲಿ ಅಂತ ಹೇಳುವುದು, ಎಲ್ಲ ಆ ಐವರ ಪಂಚಾಯಿತಿ. 1877ರಲ್ಲಿ ಅವರೇ ಯಾರ್ಕ್‌ಶೈರ್ ಕಪ್ ಶುರು ಮಾಡಿದರು. ಮೊದಲ ಸಲ ಗೆದ್ದಿದ್ದು ಹ್ಯಾಲಿಫ್ಯಾಕ್ಸ್. ಈ ಕಪ್ಪನ್ನು ಜನ ಪ್ರೀತಿಯಿಂದ ‘ಟೌಡ್ ಟಿನ್ ಪಾಟ್’ ಅನ್ನುತ್ತಾರೆ, ಇಲ್ಲಿನ ಆಡುಮಾತಿನಲ್ಲಿ ‘ಹಳೇ ತಗಡಿನ ಚೊಂಬು’ ಅಂತ. ಆ ಚೊಂಬು ಇಡೀ ಕೌಂಟಿಗೆ ಹುಚ್ಚು ಹಿಡಿಸಿತು. ಮಿಲ್ಲಿನ ಹುಡುಗರು, ಗಣಿಯ ಹುಡುಗರು ಹಳ್ಳಿಹಳ್ಳಿಯಲ್ಲಿ ಕ್ಲಬ್ ಕಟ್ಟಿದರು. ಕಪ್ ಪಂದ್ಯದ ದಿನ ಊರಿಗೆ ಊರೇ ಮೈದಾನದಲ್ಲಿ. ಜನ ನಮ್ಮವರು, ಆಟಗಾರರು ನಮ್ಮವರು, ತೀರ್ಮಾನ ಮಾತ್ರ ಐದೇ ಜನರದ್ದು ಯಾಕೆ ಅಂತ ಚಿಕ್ಕ ಕ್ಲಬ್ಬುಗಳು ಕೇಳತೊಡಗಿದವು. 1888ರಲ್ಲಿ ಆ ಪಂಚಾಯಿತಿ ಹೋಗಿ, ಕ್ಲಬ್ಬುಗಳು ಮತ ಹಾಕಿ ಆರಿಸುವ ಯಾರ್ಕ್‌ಶೈರ್ ರಗ್ಬಿ ಫುಟ್‌ಬಾಲ್ ಯೂನಿಯನ್ ಬಂತು. ನಿಮ್ಮ ಮಗನ ಕ್ಲಬ್ ಹೇಳಿದ ಯೂನಿಯನ್ ಇದೇ.

ಆಮೇಲೆ ನೋಡಿ ಹೇಗೆ ಆಡಿದರು! ಕೌಂಟಿ ಚಾಂಪಿಯನ್‌ಷಿಪ್ 1889ರಲ್ಲಿ ಶುರುವಾಯಿತು. ಮೊದಲ ಎಂಟರಲ್ಲಿ ಏಳು ಸಲ ಯಾರ್ಕ್‌ಶೈರ್ ಗೆದ್ದಿತು. ಬಾಕಿ ಒಂದು ಲ್ಯಾಂಕಶೈರ್‌ಗೆ.

ಗೆದ್ದವರಲ್ಲಿ ಎಷ್ಟೋ ಜನ ಕೂಲಿಯವರು. ಕೌಂಟಿ ಪಂದ್ಯ ದೂರದ ಊರಲ್ಲಿದ್ದರೆ ಬೆಳಿಗ್ಗೆಯೇ ರೈಲು ಹತ್ತಬೇಕು, ಅವತ್ತಿನ ಕೂಲಿ ಹೋಯಿತು. ಆಟಕ್ಕಾಗಿ ದುಡ್ಡು ಮುಟ್ಟುವ ಹಾಗಿಲ್ಲ ಅಂತ ಆರ್‌ಎಫ್‌ಯು 1886ರಲ್ಲೇ ನಿಯಮ ಮಾಡಿತ್ತು. ಡಾಕ್ಟರು, ವಕೀಲರಿಗೆ ಈ ನಿಯಮದಿಂದ ಏನೂ ತೊಂದರೆ ಇರಲಿಲ್ಲ. ನಮ್ಮಪ್ಪ ದಾವಣಗೆರೆಯಲ್ಲಿ ಹತ್ತಿ ಮಿಲ್ಲಿನಲ್ಲಿ ಇದ್ದರು. ಹಾಜರಿ ಬೀಳದ ದಿನ ಕೂಲಿ ಇಲ್ಲ. ಜ್ವರ ಬಂದರೂ ತಲೆಗೆ ಟವೆಲ್ ಸುತ್ತಿಕೊಂಡು ಪಾಳಿಗೆ ಹೋಗುತ್ತಿದ್ದರು. ಹಾಗಾಗಿ ಈ ಭಾಗ ಬಂದಾಗ ನಾನು ಯಾರ ಪರ ಅಂತ ಯೋಚಿಸಬೇಕಾಗಿಯೇ ಇಲ್ಲ.

ಯಾರ್ಕ್‌ಶೈರ್ ಯೂನಿಯನ್ ತನ್ನ ಆಟಗಾರರ ಪರ ನಿಂತಿತು. 1893ರ ಸೆಪ್ಟೆಂಬರ್ 20ರಂದು ಲಂಡನ್ನಿನ ವೆಸ್ಟ್‌ಮಿನ್ಸ್ಟರ್ ಪ್ಯಾಲೇಸ್ ಹೋಟೆಲಿನಲ್ಲಿ ಆರ್‌ಎಫ್‌ಯು ಸಭೆ. ಯಾರ್ಕ್‌ಶೈರ್‌ನ ಜೇಮ್ಸ್ ಮಿಲ್ಲರ್ ಒಂದು ಠರಾವು ಮಂಡಿಸಿದರು, ಮಾರ್ಕ್ ನ್ಯೂಸಮ್ ಅನುಮೋದಿಸಿದರು. ಕೇಳಿದ್ದು ಇಷ್ಟೇ: ಆಟಕ್ಕೆ ಹೋಗಿ ನಿಜವಾಗಿ ಕಳೆದುಕೊಂಡ ಕೂಲಿಯನ್ನು ತುಂಬಿಕೊಡಬಹುದು. ಇದಕ್ಕೆ ‘ಬ್ರೋಕನ್ ಟೈಮ್’ ಅನ್ನುತ್ತಿದ್ದರು. ದಕ್ಷಿಣದ ಕ್ಲಬ್ಬುಗಳ ಮತಗಳನ್ನು ವಿರೋಧಿಗಳು ಮೊದಲೇ ಕೂಡಿಹಾಕಿಕೊಂಡು ಬಂದಿದ್ದರು. 282ಕ್ಕೆ 136. ಠರಾವು ಬಿತ್ತು. ಯಾರ್ಕ್‌ಶೈರ್‌ನವರೆಲ್ಲ ಒಂದೇ ಕಡೆ ಇರಲಿಲ್ಲ ಅನ್ನುವುದನ್ನೂ ಹೇಳಬೇಕು. ನಮ್ಮ ಮನೆಗೆ ಹತ್ತಿರದ ಆಲ್ಮಂಡ್‌ಬರಿ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ ಪಾದ್ರಿ ಫ್ರ್ಯಾಂಕ್ ಮಾರ್ಷಲ್ ಕೌಂಟಿಯೊಳಗೇ ಕೂತು ಇದನ್ನು ಗಟ್ಟಿಯಾಗಿ ವಿರೋಧಿಸಿದರು. ದುಡ್ಡು ಬಂದರೆ ಆಟ ಕೆಡುತ್ತದೆ ಅಂತ ಅವರು ಮನಸಾರೆ ನಂಬಿದ್ದರು.

ಎರಡು ವರ್ಷದ ಮೇಲೆ, 1895ರ ಆಗಸ್ಟ್ 29ರಂದು, ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್ಬುಗಳು ಸೇರಿ ಆರ್‌ಎಫ್‌ಯು ಬಿಟ್ಟವು. ‘ನಾರ್ದರ್ನ್ ಯೂನಿಯನ್’ ಕಟ್ಟಿಕೊಂಡವು. ಮೊದಲ ಹಂಗಾಮಿನಲ್ಲಿ ಆಡಿದ್ದು 22 ಕ್ಲಬ್ಬುಗಳು, ಅದರಲ್ಲಿ 11 ಯಾರ್ಕ್‌ಶೈರ್‌ನವು. ಕಳೆದ ಕೂಲಿಗೆ ದಿನಕ್ಕೆ 6 ಶಿಲಿಂಗ್, ಅದಕ್ಕಿಂತ ಜಾಸ್ತಿ ಇಲ್ಲ ಅಂತ ಗೊತ್ತು ಮಾಡಿದರು. ಅದೇ ಮುಂದೆ ಹದಿಮೂರು ಜನ ಆಡುವ ರಗ್ಬಿ ಲೀಗ್ ಆಯಿತು. ಆ ಹೋಟೆಲ್ ಕಟ್ಟಡ ನಮ್ಮ ರೈಲು ನಿಲ್ದಾಣದ ಎದುರಿನ ಚೌಕದಲ್ಲೇ ಇದೆ. ನಾನು ಎಷ್ಟೋ ಸಲ ಅಲ್ಲಿ ಸುಮ್ನೆ ನಿಂತು ನೋಡಿದ್ದೇನೆ.

ಕೌಂಟಿ ಯೂನಿಯನ್ನಿಗೆ ಬಿದ್ದ ಪೆಟ್ಟು ದೊಡ್ಡದು. 1894ರಲ್ಲಿ ಇಂಗ್ಲೆಂಡ್ ತಂಡದ ನಾಯಕನಾಗಿದ್ದ ಡಿಕಿ ಲಾಕ್‌ವುಡ್ ಮರುವರ್ಷವೇ ವೇಕ್‌ಫೀಲ್ಡ್ ಟ್ರಿನಿಟಿ ಕ್ಲಬ್ ಸೇರಿ ನಾರ್ದರ್ನ್ ಯೂನಿಯನ್ ಕಡೆ ಹೋದರು. ಅವರಂತೆ ಒಳ್ಳೆಯ ಆಟಗಾರರು ಸಾಲಾಗಿ ಹೋದರು. 1896ರಲ್ಲಿ ಗೆದ್ದ ಯಾರ್ಕ್‌ಶೈರ್ ಮತ್ತೆ ಚಾಂಪಿಯನ್ ಆಗಿದ್ದು 1926ರಲ್ಲಿ. ಮೂವತ್ತು ವರ್ಷ! ಲೀಗ್‌ನಲ್ಲಿ ದುಡ್ಡು ಪಡೆದು ಆಡಿದವನಿಗೆ ಯೂನಿಯನ್ ಬಾಗಿಲು ಮುಚ್ಚಿದಂತೆಯೇ. ಅಣ್ಣ ತಮ್ಮ ಒಂದೇ ಮೈದಾನದಲ್ಲಿ ಆಡಲಾಗದ ಮನೆಗಳು ಇಲ್ಲಿ ಇದ್ದವು. ಕೊನೆಗೆ 1995ರ ಆಗಸ್ಟ್‌ನಲ್ಲಿ, ಜಾರ್ಜ್ ಹೋಟೆಲ್ ಸಭೆಗೆ ಸರಿಯಾಗಿ ನೂರು ವರ್ಷ ತುಂಬುವಾಗ, ಯೂನಿಯನ್ ಆಟದಲ್ಲೂ ಸಂಬಳ ಕೊಡಬಹುದು ಅಂತ ಆಯಿತು. ನಿಮ್ಮ ಪಕ್ಕದ ಮನೆ ಅಜ್ಜನ ಯೌವನವೆಲ್ಲ ಅದಕ್ಕಿಂತ ಮುಂಚಿನದು, ಅಲ್ವಾ? ಅವರ ಮಾತಿನಲ್ಲಿ ಸಿಟ್ಟಿದ್ದರೆ ಅದು ನಿಮ್ಮ ಮೇಲಿನ ಸಿಟ್ಟಲ್ಲ.

ಈಗಿನ ವ್ಯವಸ್ಥೆ ಸರಳ. ಕ್ಲಬ್ಬುಗಳು ಆರ್‌ಎಫ್‌ಯು ಸದಸ್ಯರು. ನಡುವೆ ಕೌಂಟಿ ಯೂನಿಯನ್. ಇದು ಆರ್‌ಎಫ್‌ಯು ಕೌನ್ಸಿಲ್‌ಗೆ ತನ್ನ ಪ್ರತಿನಿಧಿಗಳನ್ನು ಕಳಿಸುತ್ತದೆ. ಕೌಂಟಿಗಳ ಹಾಗೆಯೇ ಸೇನೆ, ನೌಕಾಪಡೆ, ಆಕ್ಸ್‌ಫರ್ಡ್, ಕೇಂಬ್ರಿಜ್‌ಗೂ ಇಂಥದೇ ಸ್ಥಾನ ಇದೆ. ಕೌಂಟಿಯಲ್ಲಿ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ಸಮಿತಿಗಳು. ಹೆಚ್ಚಿನವರು ಸಂಬಳ ಇಲ್ಲದೆ ದುಡಿಯುವವರು. ಕಪ್ ಪಂದ್ಯ ನಡೆಸುವುದು, ಕೆಂಪು ಕಾರ್ಡ್ ಸಿಕ್ಕವರ ವಿಚಾರಣೆ, ಮಕ್ಕಳ ಸುರಕ್ಷತೆ ನೋಡಿಕೊಳ್ಳುವುದು, ಹದಿಹರೆಯದವರಿಂದ ಹಿಡಿದು ದೊಡ್ಡವರವರೆಗೆ ಕೌಂಟಿ ತಂಡ ಆರಿಸುವುದು ಅವರ ಕೆಲಸ. ಕೌಂಟಿ ಚಾಂಪಿಯನ್‌ಷಿಪ್ಪನ್ನು ನಮ್ಮ ರಣಜಿಯ ಹಾಗೆ ಅಂದುಕೊಳ್ಳಬೇಡಿ. ದೊಡ್ಡ ವೃತ್ತಿಪರ ಕ್ಲಬ್ಬುಗಳ ಆಟಗಾರರು ಅದರಲ್ಲಿ ಇರುವುದಿಲ್ಲ. ವಾರವೆಲ್ಲ ಬೇರೆ ಕೆಲಸ ಮಾಡಿ, ಬಿಳಿ ಗುಲಾಬಿ ಇರುವ ಕೌಂಟಿ ಜೆರ್ಸಿ ಹಾಕುವ ಆಸೆಗೆ ಬರುವವರು. ನನಗೆ ಅದಕ್ಕೇ ಆ ಪಂದ್ಯಗಳು ಇಷ್ಟ.

ಮಗನ ವಿಷಯ. ಯೂನಿಯನ್‌ನಲ್ಲಿ ಎಂಟರ ಒಳಗಿನವರ ಗುಂಪಿನವರೆಗೆ ಟ್ಯಾಕಲ್ (ಎದುರಾಳಿಯನ್ನು ಹಿಡಿದು ಬೀಳಿಸುವುದು) ಇಲ್ಲ, ಟ್ಯಾಗ್ ರಗ್ಬಿ. ಸೊಂಟದ ಬೆಲ್ಟಿನ ಎರಡೂ ಪಕ್ಕ ಒಂದೊಂದು ಪಟ್ಟಿ ಅಂಟಿಸಿರುತ್ತಾರೆ. ಚೆಂಡು ಹಿಡಿದು ಓಡುವವನ ಪಟ್ಟಿ ಕಿತ್ತು, ಕೈ ಮೇಲೆತ್ತಿ ‘ಟ್ಯಾಗ್!’ ಅಂತ ಕೂಗಬೇಕು. ನನ್ನ ಮಗಳು ಮೊದಲ ದಿನ ಪಟ್ಟಿ ಕಿತ್ತಳು, ಕೂಗಲು ನಾಚಿಕೆಯಾಗಿ ನಿಂತುಬಿಟ್ಟಳು. ಎದುರು ತಂಡದ ಹುಡುಗನೇ ಅವಳ ಕೈ ಹಿಡಿದು ಮೇಲೆತ್ತಿದ. ಮೈ ತಾಗುವ ಆಟ ಮೆಲ್ಲಗೆ ಶುರುವಾಗುವುದು ಒಂಬತ್ತರ ಒಳಗಿನವರ ಗುಂಪಿನಿಂದ. ಲೀಗ್ ಕ್ಲಬ್ ಮನೆಗೆ ಹತ್ತಿರ ಇದ್ದರೆ ಅದಕ್ಕೂ ಹಾಕಬಹುದು, ಎರಡೂ ಆಡುವ ಮಕ್ಕಳು ಇದ್ದಾರೆ.

ಮಕ್ಕಳ ಆಟ ಹೆಚ್ಚಾಗಿ ಭಾನುವಾರ ಬೆಳಿಗ್ಗೆ. ಎರಡು ಜೊತೆ ಸಾಕ್ಸ್, ಕೆಸರಿನ ಬೂಟಿಗೆ ಒಂದು ಹಳೇ ಚೀಲ, ಫ್ಲಾಸ್ಕಿನಲ್ಲಿ ಬಿಸಿ ಕಾಫಿ ಇಟ್ಟುಕೊಂಡು ಹೋಗಿ. ಆ ಅಜ್ಜನನ್ನೂ ಕರೆಯಿರಿ, ಬಂದರೂ ಬಂದಾರು.