ಚೈಲ್ಡ್ ಕ್ಲಾಸಿನ ಮೆಥಡ್ ಓಡದಿರಲು ಆ್ಯರೋ ಫಂಕ್ಷನ್ ಕಾರಣ

ನಿಮ್ಮ ಜಾವಾಸ್ಕ್ರಿಪ್ಟ್ ಕೋಡ್‌ನ ‘ಪಂಪ್’ ಕ್ಲಾಸಿನಲ್ಲಿ ‘ಶುರು’ ಒಂದು ಆ್ಯರೋ ಫಂಕ್ಷನ್, ಅಂದರೆ ಬಾಣದ ಗುರುತು ಹಾಕಿ ಬರೆದ ಫಂಕ್ಷನ್. ‘ಪಂಪ್’ ಅನ್ನು ಎಕ್ಸ್‌ಟೆಂಡ್ ಮಾಡಿದ ಚೈಲ್ಡ್ ಕ್ಲಾಸ್ ‘ಸೋಲಾರ್‌ಪಂಪ್’ನಲ್ಲಿ ಅದೇ ಹೆಸರಿನ ಮಾಮೂಲಿ ಮೆಥಡ್ ಇದೆ. ಬಟನ್ ಒತ್ತಿದರೆ ‘ಪಂಪ್’ನ ‘ಶುರು’ವೇ ಓಡುತ್ತಿದೆ, ಎರರ್ ಕೂಡ ಇಲ್ಲ. ಇದೇ ಅಲ್ವಾ ಸಮಸ್ಯೆ? ಬ್ರೌಸರ್ ಬದಲಾಯಿಸಿದರೆ ಇದು ಹೋಗುವುದಿಲ್ಲ.

ಆ್ಯರೋ ಫಂಕ್ಷನ್‌ಗೆ ತನ್ನದೇ ಆದ ‘ದಿಸ್’ (ಯಾವ ಆಬ್ಜೆಕ್ಟ್ ಮೇಲೆ ಕೆಲಸ ಅಂತ ಹೇಳುವ ಪದ) ಇಲ್ಲ. ಅದನ್ನು ಎಲ್ಲಿ ಬರೆದಿದ್ದೀರೋ ಅಲ್ಲಿನ ‘ದಿಸ್’ ಅನ್ನೇ ಬಳಸುತ್ತದೆ. ನಿಮ್ಮ ಹಾಗೆ ಕ್ಲಾಸ್ ಫೀಲ್ಡ್‌ನಲ್ಲಿ (ಕ್ಲಾಸ್ ಒಳಗೆ ‘ಹೆಸರು = ಬೆಲೆ’ ಅಂತ ಬರೆಯುವ ಜಾಗ) ಬರೆದರೆ ಆ ‘ದಿಸ್’ ಅಂದರೆ ಆಗ ತಯಾರಾಗುತ್ತಿರುವ ಆಬ್ಜೆಕ್ಟ್. ಹಾಗಾಗಿ ‘ದಿಸ್’ ಅನ್ನು ಕಟ್ಟಿಹಾಕುವ ‘ಬೈಂಡ್’ ಇಲ್ಲದೆ ಬಟನ್‌ಗೆ ಕೊಟ್ಟರೂ ಸರಿಯಾಗಿ ಓಡುತ್ತದೆ. ವೆಬ್ ಪುಟ ಕಟ್ಟಲು ಬಳಸುವ ರಿಯಾಕ್ಟ್ ಲೈಬ್ರರಿಯ ಕ್ಲಾಸ್ ಕಾಂಪೊನೆಂಟ್‌ಗಳಲ್ಲಿ ಈ ರೂಢಿ ಜಾಸ್ತಿ ಇದ್ದದ್ದು ಇದಕ್ಕೇ.

ಆದರೆ ಫೀಲ್ಡ್ ಪ್ರೊಟೊಟೈಪ್ (ಕ್ಲಾಸಿನ ಎಲ್ಲ ಆಬ್ಜೆಕ್ಟ್‌ಗಳು ಹಂಚಿಕೊಳ್ಳುವ, ಮಾಮೂಲಿ ಮೆಥಡ್‌ಗಳಿರುವ ಜಾಗ) ಮೇಲೆ ಇರುವುದಿಲ್ಲ, ಪ್ರತಿಯೊಂದು ಆಬ್ಜೆಕ್ಟ್ ಮೇಲೆಯೇ ಕೂರುತ್ತದೆ. ಜಾವಾಸ್ಕ್ರಿಪ್ಟ್ ಹೆಸರನ್ನು ಮೊದಲು ಆಬ್ಜೆಕ್ಟ್‌ನಲ್ಲಿ ಹುಡುಕುತ್ತದೆ, ಸಿಗದಿದ್ದರೆ ಮಾತ್ರ ಪ್ರೊಟೊಟೈಪ್‌ಗೆ ಹೋಗುತ್ತದೆ. ನಿಮ್ಮ ಹೊಸ ಮೆಥಡ್ ಇರುವುದು ಪ್ರೊಟೊಟೈಪ್‌ನಲ್ಲಿ. ಹುಡುಕಾಟ ಅಲ್ಲಿವರೆಗೆ ಬರುವುದೇ ಇಲ್ಲ.

ಚೈಲ್ಡ್‌ನಲ್ಲೂ ಆ್ಯರೋ ಫೀಲ್ಡ್ ಬರೆದರೆ ಅದು ಗೆಲ್ಲುತ್ತದೆ ನಿಜ, ಏಕೆಂದರೆ ‘ಸೂಪರ್()’, ಅಂದರೆ ಪೇರೆಂಟ್ ಆದ ‘ಪಂಪ್’ನ ಕನ್‌ಸ್ಟ್ರಕ್ಟರ್ (ಆಬ್ಜೆಕ್ಟ್ ತಯಾರಿಸುವ ಭಾಗ), ಮುಗಿದ ಮೇಲೆ ಚೈಲ್ಡ್‌ನ ಫೀಲ್ಡ್‌ಗಳು ಸೇರುತ್ತವೆ. ಆದರೂ ಆ ದಾರಿ ಬೇಡ ಅನ್ನುತ್ತೇನೆ. ‘ಸೂಪರ್.ಶುರು()’ ಅಂತ ಕರೆದರೆ ಅದು ‘ಪಂಪ್’ನ ಪ್ರೊಟೊಟೈಪ್‌ನಲ್ಲಿ ಹುಡುಕುತ್ತದೆ. ಅಲ್ಲಿ ಏನೂ ಇಲ್ಲ, ಟೈಪ್ ಎರರ್ ಬರುತ್ತದೆ. ಇನ್ನು ‘ಪಂಪ್’ನ ಕನ್‌ಸ್ಟ್ರಕ್ಟರ್ ಒಳಗೇ ‘ದಿಸ್.ಶುರು()’ ಕರೆದಿದ್ದರೆ ಆ ಹೊತ್ತಿಗೆ ಚೈಲ್ಡ್‌ನ ಫೀಲ್ಡ್ ಹುಟ್ಟಿಯೇ ಇರುವುದಿಲ್ಲ. ಮತ್ತೆ ‘ಪಂಪ್’ನದ್ದೇ ಓಡುತ್ತದೆ.

ಹೀಗೆ ಮಾಡಿ. ಎರಡೂ ಕ್ಲಾಸಿನಲ್ಲಿ ‘ಶುರು’ವನ್ನು ಮಾಮೂಲಿ ಮೆಥಡ್ ಮಾಡಿ. ಆ್ಯರೋ ಬೇಕಾದ್ದು ಬಟನ್‌ಗೆ ಜೋಡಿಸುವ ಜಾಗದಲ್ಲಿ ಮಾತ್ರ: ‘() => ದಿಸ್.ಶುರು()’. ಈಗ ‘ದಿಸ್’ ತಪ್ಪುವುದಿಲ್ಲ, ಯಾವ ‘ಶುರು’ ಅನ್ನುವುದು ಒತ್ತಿದಾಗ ತೀರ್ಮಾನವಾಗುತ್ತದೆ. ಮುಂದೆ ಲಿಸನರ್ (ಬಟನ್‌ಗೆ ಜೋಡಿಸಿದ ಫಂಕ್ಷನ್) ತೆಗೆಯುವುದಿದ್ದರೆ ಆ ಆ್ಯರೋವನ್ನು ‘ಒತ್ತಿದಾಗ’ ಅಂತ ಬೇರೆ ಹೆಸರಿನ ಫೀಲ್ಡ್‌ನಲ್ಲಿ ಇಡಿ. ತೆಗೆಯುವಾಗ ಅದೇ ಫಂಕ್ಷನ್ ಕೊಡಬೇಕು, ಹೊಸದಾಗಿ ಬರೆದ ಆ್ಯರೋ ಕೊಟ್ಟರೆ ಲಿಸನರ್ ಹೋಗುವುದಿಲ್ಲ.

ಆ್ಯರೋ ಫಂಕ್ಷನ್‌ಗೆ ‘ಸೂಪರ್’ ಕೂಡ ‘ದಿಸ್’ ಥರವೇ ಹೊರಗಿನಿಂದ ಬರುತ್ತದೆ, ಇದು ನನಗೆ ತುಂಬಾ ಇಷ್ಟವಾದ ವಿಷಯ. ಸೋಲಾರ್ ಪಂಪ್ ಸ್ವಲ್ಪ ತಡೆದು ಶುರುವಾಗಬೇಕಾದರೆ, ಅದರ ‘ಶುರು’ ಮೆಥಡ್ ಒಳಗೆ ‘ಸೆಟ್‌ಟೈಮ್‌ಔಟ್(() => ಸೂಪರ್.ಶುರು(), 2000)’ ಅಂತ ಬರೆಯಿರಿ, 2 ಸೆಕೆಂಡ್ ಬಿಟ್ಟು ಓಡುತ್ತದೆ. ಅಲ್ಲಿ ಆ್ಯರೋ ಬದಲು ‘ಫಂಕ್ಷನ್’ ಅಂತ ಬರೆದರೆ ಸಿಂಟ್ಯಾಕ್ಸ್ ಎರರ್.

ಟೈಪ್‌ಸ್ಕ್ರಿಪ್ಟ್ (ಟೈಪ್‌ಗಳನ್ನು ಸೇರಿಸಿದ ಜಾವಾಸ್ಕ್ರಿಪ್ಟ್) ಬಳಸುವವರಿಗೆ, ಪೇರೆಂಟ್‌ನ ಫೀಲ್ಡ್ ಹೆಸರಿನಲ್ಲೇ ಚೈಲ್ಡ್‌ನಲ್ಲಿ ಮೆಥಡ್ ಬರೆದ ತಕ್ಷಣ ಕಂಪೈಲರೇ ಎರರ್ ತೋರಿಸುತ್ತದೆ.