ಅಡುಗೆಮನೆ ಪ್ರಶ್ನೋತ್ತರ: ಬೇಕನ್ ಪಾವಿಗೆ ಏನು ಹಚ್ಚಬೇಕು?

ಪ್ರಶ್ನೆ: ಗೋವಾದಿಂದ ಬೇಕನ್ ತಂದು ಹುರಿದು ಪಾವಿನೊಳಗಿಟ್ಟು ತಿನ್ನುತ್ತೇವೆ. ಟೊಮೆಟೊ ಕೆಚಪ್ ಹಾಕಿದರೆ ಸಿಹಿಯೇ ಮುಂದಾಗುತ್ತದೆ. ಉಪ್ಪಿನಕಾಯಿ ಹಾಕಿದರೆ ಬಾಯಿಗಿಡಲಾಗದಷ್ಟು ಉಪ್ಪು. ಬೇರೇನು ಹಚ್ಚಬಹುದು?
– ಓದುಗರು, ಕಾರವಾರ

ಉತ್ತರ: ಬೇಕನ್ ಎಂದರೆ ಉಪ್ಪು ಹಚ್ಚಿ ಹದ ಮಾಡಿದ ಹಂದಿಮಾಂಸ. ಉಪ್ಪೂ ಕೊಬ್ಬೂ ಅದರಲ್ಲೇ ಬೇಕಾದಷ್ಟಿವೆ, ಕೊರತೆ ಹುಳಿಯದ್ದು. ಉಪ್ಪಿನಕಾಯಿ ಹುಳಿಯ ಜೊತೆ ಮತ್ತಷ್ಟು ಉಪ್ಪು, ಎಣ್ಣೆ ತಂದು ಕೆಡಿಸುತ್ತದೆ. ಇಂಗ್ಲೆಂಡಿನಲ್ಲಿ ಈ ವಿಷಯಕ್ಕೆ ಕೆಚಪ್ ಪಕ್ಷ, ಬ್ರೌನ್ ಸಾಸ್ ಪಕ್ಷ ಎಂದು ಎರಡಿವೆ. ನಮ್ಮ ಮತ ಬ್ರೌನ್ ಸಾಸಿಗೆ. ಅಲ್ಲಿನ ಹೆಸರಾಂತ ಬ್ರೌನ್ ಸಾಸ್ ಆದ ಎಚ್‌ಪಿಯಲ್ಲಿ ಟೊಮೆಟೊ, ಮಾಲ್ಟ್ ವಿನೆಗರ್ ಜೊತೆ ಹುಣಸೆ, ಖರ್ಜೂರವೂ ಇವೆ. ಅಂದಮೇಲೆ ಅದಕ್ಕೆ ಹತ್ತಿರದ್ದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು.

ಹುಣಸೆ 40 ಗ್ರಾಂ, ಬೀಜ ತೆಗೆದ ಖರ್ಜೂರ 60 ಗ್ರಾಂ. ಎರಡನ್ನೂ 250 ಮಿ.ಲೀ. ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಕಿವುಚಿ ಜಾಲರಿಯಲ್ಲಿ ಸೋಸಿ. ಒಂದು ಟೊಮೆಟೊ ರುಬ್ಬಿ ಸೇರಿಸಿ. ಜೋನಿ ಬೆಲ್ಲ 1 ದೊಡ್ಡ ಚಮಚ, ವಿನೆಗರ್ 3 ದೊಡ್ಡ ಚಮಚ, ಮೆಣಸಿನ ಪುಡಿ (ಕಾಳುಮೆಣಸಿನದು) ಅರ್ಧ ಚಹಾ ಚಮಚ, ಶುಂಠಿ ಪುಡಿ ಕಾಲು ಚಮಚ, 2 ಲವಂಗ. ಉಪ್ಪು ಬೇಡವೇ ಬೇಡ. ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ 15–20 ನಿಮಿಷ ಕೈಯಾಡಿಸಿ, ಲವಂಗ ತೆಗೆದುಬಿಡಿ. ಅಲ್ಯೂಮಿನಿಯಂ ಪಾತ್ರೆ ಬಳಸಿದರೆ ಹುಳಿಗೆ ಲೋಹದ ರುಚಿ ಹತ್ತುತ್ತದೆ. ತಟ್ಟೆಯ ಮೇಲೆ ಒಂದು ಚಮಚ ಹಾಕಿ ಓರೆ ಮಾಡಿದಾಗ ಅಂಚಿನಲ್ಲಿ ನೀರು ಬಿಡಬಾರದು. ಬಿಟ್ಟರೆ ಪಾವ್ ಒದ್ದೆ ಮುದ್ದೆಯಾಗುವುದು ಖಂಡಿತ. ಗಾಜಿನ ಬಾಟಲಿಯಲ್ಲಿ, ಫ್ರಿಜ್ಜಿನಲ್ಲಿಡಿ. ರುಚಿ ಕೂಡಿಬರುವುದು ಮರುದಿನ.

ಸಾಸ್ ಎಷ್ಟೇ ಚೆನ್ನಾಗಿರಲಿ, ಹುರಿಯುವುದು ತಪ್ಪಿದರೆ ಪ್ರಯೋಜನವಿಲ್ಲ. ತಣ್ಣನೆಯ ಕಾವಲಿಯ ಮೇಲೆ ಎಣ್ಣೆ ಹಾಕದೆ ಬೇಕನ್ ಹರಡಿ, ಆಮೇಲೆ ಸಣ್ಣ ಉರಿ ಹೊತ್ತಿಸಿ. ಕಾದ ಕಾವಲಿಗೆ ಹಾಕಿದರೆ ಕೊಬ್ಬು ಕರಗುವ ಮೊದಲೇ ಅಂಚು ಸೀಯುತ್ತದೆ. ಕರಗಿದ ಕೊಬ್ಬಿನಲ್ಲೇ ಪಾವಿನ ಒಳಬದಿ ಕೆಂಪಗೆ ಮಾಡಿ. ಸಾಸನ್ನು ಪಾವಿನ ಮೇಲಿನ ಅರ್ಧಕ್ಕೆ ಮಾತ್ರ, ಒಂದು ಪಾವಿಗೆ ಎರಡು ಚಹಾ ಚಮಚ ಹಚ್ಚಿ. ಬೇಕನ್ ಮೇಲೇ ಸುರಿದರೆ ಗರಿಗರಿ ಹೋಯಿತು.

ಪ್ರಶ್ನೆ: ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿಯನ್ನು ಹೀಗೆ ಬಳಸಲು ಬರುವುದೇ ಇಲ್ಲವೇ?
– ಓದುಗರು, ಶಿರಸಿ

ಉತ್ತರ: ಇಡಿಯಾಗಿ ಬರುವುದಿಲ್ಲ. ಒಂದು ಮಿಡಿಯನ್ನು ತೊಳೆದು, ಸಣ್ಣಗೆ ಹೆಚ್ಚಿ, 10 ನಿಮಿಷ ನೀರಿನಲ್ಲಿಟ್ಟು ಹಿಂಡಿ. ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಗಟ್ಟಿ ಮೊಸರು 2 ದೊಡ್ಡ ಚಮಚಕ್ಕೆ ಕಲಸಿ. ಹೊಗೆ ಹಾಕಿದ ಬೇಕನ್‌ಗೆ ಇದು ವ್ಯರ್ಥ, ಮಿಡಿಯ ಪರಿಮಳ ಹೊಗೆಯಡಿ ಅಡಗಿಹೋಗುತ್ತದೆ. ಹೊಗೆ ಹಾಕದ್ದಕ್ಕೆ ಮಾತ್ರ ಮಾಡಿ.

ಪ್ರಶ್ನೆ: ಸಾಸಿವೆ ಅರೆದು ಹಚ್ಚಿದೆವು. ಖಾರವಿಲ್ಲ, ಬರೀ ಕಹಿ. ಏಕೆ?
– ಓದುಗರು, ಕುಮಟಾ

ಉತ್ತರ: ಬಿಸಿನೀರು ಹಾಕಿರಬೇಕು, ಇಲ್ಲವೇ ಮೊದಲೇ ವಿನೆಗರ್. ಸಾಸಿವೆಯಲ್ಲಿರುವ ಕಿಣ್ವ ನೀರು ತಗುಲಿದಾಗ ಖಾರ ಹುಟ್ಟಿಸುತ್ತದೆ; ಬಿಸಿಯೂ ಹುಳಿಯೂ ಅದನ್ನು ತಡೆಯುತ್ತವೆ. 2 ದೊಡ್ಡ ಚಮಚ ಸಾಸಿವೆ ಪುಡಿಯನ್ನು ತಣ್ಣೀರಿನಲ್ಲಿ ಕಲಸಿ 15 ನಿಮಿಷ ಬಿಡಿ. ಖಾರ ಮೂಗಿಗೇರಿದ ಮೇಲೆ 1 ಚಮಚ ವಿನೆಗರ್, ಚೂರು ಬೆಲ್ಲ ಸೇರಿಸಿ. ಒಂದು ಪಾವಿಗೆ ಅರ್ಧ ಚಹಾ ಚಮಚ ಸಾಕು.