ಉಂಡ ಊರಿಗೆ ಕೊಟ್ಟರೆ ತಪ್ಪೇನು, ಮಾಸ್ತರರೇ?

ಜಮಖಂಡಿಯಿಂದ ನಿವೃತ್ತ ಮುಖ್ಯಾಧ್ಯಾಪಕರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಸಾರ ಇಷ್ಟು: ಅವರ ಮಗಳು ಜಪಾನಿನ ತೊಯಾಮಾ ಪ್ರಾಂತದ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವ ಸಹಾಯಕ ಶಿಕ್ಷಕಿ. 2024ರ ಜನವರಿಯಲ್ಲಿ ಪಕ್ಕದ ಇಶಿಕಾವಾ ಪ್ರಾಂತದ ನೋತೊದಲ್ಲಿ ಭೂಕಂಪವಾದಾಗ 30,000 ಯೆನ್ ಕೊಟ್ಟಿದ್ದಾಳೆ. ಅದೇ ಸೆಪ್ಟೆಂಬರಿನಲ್ಲಿ ಅಲ್ಲೇ ನೆರೆ ಬಂದಾಗ ಮತ್ತೆ 10,000. ತಂದೆಗೆ ಇದು ಗೊತ್ತಾದದ್ದು ಈಚೆಗೆ, ಫೋನಿನಲ್ಲಿ ಮಾತಿಗೆ ಮಾತು ಬಂದಾಗ. ‘ಜಪಾನು ಸಾಹುಕಾರ ದೇಶ. ನಮ್ಮ ಕೃಷ್ಣಾ ದಂಡಿ ಮಂದಿ 2019ರ ನೆರೆಯಿಂದ ಇನ್ನೂ ಎದ್ದಿಲ್ಲ. ಮನಿ ಮಂದಿಗೆ ಗಂಜಿ, ಊರ ಮಂದಿಗೆ ಹೋಳಿಗಿ ಅಂದಂಗಾತು’ ಎಂಬುದು ಅವರ ಅಸಮಾಧಾನ. ಕೊನೆಗೊಂದು ಪ್ರಶ್ನೆ: ಕೊಡಲೇಬೇಕಿದ್ದರೆ ರೊಕ್ಕವೇ ಏಕೆ? ಮನೆಯಲ್ಲಿ ಎರಡು ಹೊಸ ಕೌದಿ ಇವೆ, ಒಂದು ಗಂಟು ಚಲೋ ಬಟ್ಟೆ ಇದೆ. ಅವನ್ನೇ ಕಳಿಸಿದರೆ ಆಗದೇ?

ಮಾಸ್ತರರೇ, ಕೃಷ್ಣಾ ದಂಡೆಯ ಮಾತು ಖರೆ. 2019ರ ಆಗಸ್ಟಿನಲ್ಲಿ ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದರು. ಪೂರ್ತಿ ಬಿದ್ದದ್ದಕ್ಕೆ 5 ಲಕ್ಷ ರೂಪಾಯಿ, ಸಿ ವರ್ಗಕ್ಕೆ 50,000. ಒಂದು ಅಕ್ಷರ ತಪ್ಪಿ ಬಿದ್ದರೆ ಹತ್ತು ಪಟ್ಟು ವ್ಯತ್ಯಾಸ. ತಳಪಾಯದ ಫೋಟೋ, ಗೋಡೆಯ ಫೋಟೋ, ಚಾವಣಿಯ ಫೋಟೋ, ಹಂತಕ್ಕೊಂದು ಕಂತು. ಈ ಸಿಟ್ಟು ನಿಮ್ಮದಷ್ಟೇ ಅಲ್ಲ, ನಮ್ಮದೂ ಹೌದು. ಆದರೆ ಇದನ್ನು ಮಗಳ ಮೇಲೆ ಏಕೆ ತೀರಿಸಿಕೊಳ್ಳುತ್ತೀರಿ? ಆಕೆಯ ಮೂವತ್ತು ಸಾವಿರ ಯೆನ್ ಅಂದರೆ ಆಗಿನ ದರದಲ್ಲಿ 17 ಸಾವಿರ ರೂಪಾಯಿಯ ಆಸುಪಾಸು. ಅದನ್ನು ಆಕೆ ನೋತೊಗೆ ಕೊಡದೇ ಇದ್ದಿದ್ದರೆ ಜಮಖಂಡಿಯ ಯಾವ ಮನೆಯ ಅಕ್ಷರವೂ ಸಿ ಹೋಗಿ ಎ ಆಗುತ್ತಿರಲಿಲ್ಲ.

ಸಾಹುಕಾರ ದೇಶದ ಮಾತಿಗೆ ಬರೋಣ. ನೋತೊ ಎಂದರೆ ತೋಕ್ಯೋ ಅಲ್ಲ. ಸಮುದ್ರಕ್ಕೆ ಕೈ ಚಾಚಿದಂತೆ ಇರುವ ಪರ್ಯಾಯ ದ್ವೀಪ. ಮೀನು, ಭತ್ತ, ಅರಗಿನ ಪಾತ್ರೆಯ ಕಸುಬು, ಊರು ತುಂಬ ಮುದುಕರು. ಜನವರಿ 1, ಸಂಜೆ 4 ಗಂಟೆ 10 ನಿಮಿಷ. ಅವರಿಗೆ ಹೊಸವರ್ಷವೆಂದರೆ ನಮಗೆ ದೀಪಾವಳಿ ಇದ್ದಂತೆ, ಊರು ಬಿಟ್ಟ ಮಕ್ಕಳೆಲ್ಲ ಮನೆಗೆ ಬಂದಿರುತ್ತಾರೆ. ತೀವ್ರತೆ 7.6. ಅಲ್ಲಿನ ವಾಜಿಮಾ ಪಟ್ಟಣದ ಹಳೆಯ ಸಂತೆಬೀದಿ ಬೆಂಕಿಗೆ ಹೋಯಿತು. ಕೆಲವು ಕಡೆ ಸಮುದ್ರದ ದಂಡೆಯೇ 4 ಮೀಟರಿನಷ್ಟು ಮೇಲೆದ್ದು ಮೀನು ಬಂದರುಗಳು ಒಣ ನೆಲದಲ್ಲಿ ಕುಳಿತವು. ದೋಣಿ ಇದೆ, ನೀರಿಲ್ಲ. ಹಾಗೂ ಹೀಗೂ ತಾತ್ಕಾಲಿಕ ಮನೆ ಸೇರಿದರು ಅನ್ನುವಷ್ಟರಲ್ಲಿ ಸೆಪ್ಟೆಂಬರ್ 21ರ ಮಳೆಗೆ ಆ ಮನೆಗಳಿಗೂ ನೀರು ಹೊಕ್ಕಿತು. ಒಮ್ಮೆ ಬಿದ್ದವರು ಮತ್ತೆ ಬೀಳುವುದು ಹೇಗಿರುತ್ತದೆ ಎಂದು ಘಟಪ್ರಭಾ, ಮಲಪ್ರಭಾ, ಕೃಷ್ಣೆಯ ನಡುವೆ ಬದುಕುವ ನಿಮಗೆ ಬಿಡಿಸಿ ಹೇಳಬೇಕೇ?

ಹೊರಗಿನಿಂದ ಬಂದ ಮೇಷ್ಟ್ರಿಗೂ ಆ ನೆಲಕ್ಕೂ ಏನು ಸಂಬಂಧ ಅನ್ನುವವರಿಗೆ ಜಪಾನಿನದೇ ಇನ್ನೊಂದು ಊರು ಇಶಿನೊಮಾಕಿಯ ಸಂಗತಿ ಗೊತ್ತಿರಬೇಕು. 2011ರ ಮಾರ್ಚ್ 11ರಂದು ಅಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ 24ರ ಅಮೆರಿಕನ್ ಹುಡುಗಿ ಟೇಲರ್ ಆ್ಯಂಡರ್ಸನ್, ಶಾಲೆಯ ಮಕ್ಕಳ ಜೊತೆ ನಿಂತು, ಆಮೇಲೆ ಸೈಕಲ್ ಹತ್ತಿ ಮನೆಗೆ ಹೊರಟಳು. ಸುನಾಮಿ ದಾರಿಯಲ್ಲೇ ಸಿಕ್ಕಿತು. ಆಕೆಯ ತಂದೆತಾಯಿ ಮಗಳ ಹೆಸರಿನ ನಿಧಿಯನ್ನು ಆ ಊರಿನ ಕಡೆಗೇ ತಿರುಗಿಸಿದರು. ಆಕೆ ಪಾಠ ಮಾಡಿದ ಶಾಲೆಗಳಿಗೇ ಇಂಗ್ಲಿಷ್ ಪುಸ್ತಕಗಳ ಓದುಮೂಲೆ ಮಾಡಿಸಿಕೊಟ್ಟರು. ಅವುಗಳ ಕಪಾಟು ಮಾಡಿದ ಬಡಗಿ ಅದೇ ಸುನಾಮಿಗೆ ತನ್ನ ಮೂವರು ಮಕ್ಕಳನ್ನು ಕಳೆದುಕೊಂಡವನು. ಆ ಮಕ್ಕಳಿಗೂ ಟೇಲರ್ ಟೀಚರ್ ಆಗಿದ್ದಳು. ಮಕ್ಕಳನ್ನು ಕಳೆದುಕೊಂಡವರೇ ಎರಡೂ ಕಡೆ. ಅಲ್ಲಿ ದೇಶ ಯಾವುದು ಎಂದು ಯಾರು ಕೇಳಬೇಕು?

ಇನ್ನೂ ಹಿಂದಿನ ಲೆಕ್ಕ ಬೇಕೆಂದರೆ 1923ರ ಸೆಪ್ಟೆಂಬರ್ 1ಕ್ಕೆ ಹೋಗೋಣ. ಕಾಂತೊ ಭೂಕಂಪದಲ್ಲಿ ಯೊಕೊಹಾಮಾ ನೆಲಸಮವಾಯಿತು. ಅಲ್ಲಿದ್ದ ಭಾರತೀಯ ವ್ಯಾಪಾರಿಗಳು ಬೀದಿಗೆ ಬಿದ್ದಾಗ ಕೈ ಹಿಡಿದವರು ಅದೇ ಊರಿನ ಜನ. ಆ ನೆನಪಿಗೆ ವ್ಯಾಪಾರಿಗಳು ಕೂಡಿ ಕಟ್ಟಿಸಿಕೊಟ್ಟ ಗುಮ್ಮಟದ ಕುಡಿಯುವ ನೀರಿನ ಕಟ್ಟೆ ಯಮಶಿತಾ ಪಾರ್ಕಿನಲ್ಲಿ ಈಗಲೂ ಇದೆ. ಈ ಲೇವಾದೇವಿ ನಿಮ್ಮ ಮಗಳು ಹೊಸದಾಗಿ ಶುರು ಮಾಡಿದ್ದಲ್ಲ. ಬಸವನ ಬಾಗೇವಾಡಿಯ ಪಕ್ಕದ ಜಿಲ್ಲೆಯವರಾದ ನಿಮಗೆ ದಾನಕ್ಕೂ ದಾಸೋಹಕ್ಕೂ ಇರುವ ಫರಕು ನಾವು ಹೇಳಿಕೊಡುವುದು ಉದ್ಧಟತನ.

ಈಗ ನಿಮ್ಮ ಗಂಟಿನ ಪ್ರಶ್ನೆ. ಇಲ್ಲಿ ಮಾತ್ರ ಸ್ವಲ್ಪ ಗದರಬೇಕಾಗಿದೆ.

ಬಟ್ಟೆ ಕಳಿಸಬೇಡಿ. ನೋತೊ ಭೂಕಂಪವಾದಾಗ ಬಿಡಿ ಜನರು ಕಳಿಸುವ ಸಾಮಾನು ಬೇಡವೆಂದು ಇಶಿಕಾವಾ ಆಡಳಿತ ಮೊದಲೇ ಹೇಳಿತ್ತು. ಅದು ಜಂಬವಲ್ಲ. ಒಂದು ಡಬ್ಬಿಯಲ್ಲಿ ಸೀರೆ, ಸ್ವೆಟರು, ಬಿಸ್ಕತ್ತು, ಸೋಪು ಕೂಡಿ ಬಂದರೆ ಅದನ್ನು ಒಡೆಯಬೇಕು. ಗಂಡಸರದ್ದು, ಹೆಂಗಸರದ್ದು, ಮಕ್ಕಳದ್ದು, ಅಳತೆ, ಹಂಗಾಮು ನೋಡಿ ವಿಂಗಡಿಸಬೇಕು. ಸೋಪಿನ ವಾಸನೆ ಹಿಡಿದ ಬಿಸ್ಕತ್ತು ಎಸೆಯಬೇಕು. ಇದಕ್ಕೆ ಆಳು ಬೇಕು, ಜಾಗ ಬೇಕು. ಜಾಗವೆಂದರೆ ಶಾಲೆಯ ಆಟದ ಹಾಲ್, ಅಲ್ಲಿ ಆಗಲೇ ಮನೆ ಕಳೆದುಕೊಂಡವರು ಚಾಪೆ ಹಾಸಿದ್ದಾರೆ. ಒಂದು ಡಬ್ಬಿಗೆ ಒಂದೇ ಜಾತಿಯ ಸಾಮಾನು, ಹೊರಗೆ ಹೆಸರು, ಅಳತೆ, ಎಣಿಕೆ ಬರೆದಿರಬೇಕು ಎಂಬ ರೂಢಿ ಅಲ್ಲಿ ಬಂದದ್ದು ಪೆಟ್ಟು ತಿಂದ ಮೇಲೆ. 2004ರ ಸುನಾಮಿಯ ನಂತರ ನಾಗಪಟ್ಟಿಣದ ರಸ್ತೆ ಬದಿಯಲ್ಲಿ ಹಳೆ ಬಟ್ಟೆಯ ಗುಡ್ಡೆಗಳು ಬಿದ್ದಿದ್ದವಲ್ಲ, ಅವೂ ಯಾರೋ ಪುಣ್ಯಕ್ಕೆಂದೇ ಕಳಿಸಿದವು.

ಹಾಗಾದರೆ ಸಾಮಾನು ಎಂದೂ ಕೆಲಸಕ್ಕೆ ಬಾರದೇ? ಬರುತ್ತದೆ, ನಮ್ಮ ಖಡಕ್ ರೊಟ್ಟಿಯ ಹಾಗಿದ್ದರೆ. 2019ರಲ್ಲಿ ಗಂಜಿಕೇಂದ್ರಗಳಿಗೆ ಊರೂರಿನಿಂದ ಹೋದ ಜೋಳದ ರೊಟ್ಟಿ ಏಕೆ ನಡೆಯಿತು? ಒಲೆ ಬೇಡ, ನೀರು ಬೇಡ, ತಿನ್ನುವವರಿಗೆ ರುಚಿ ಹೊಸದಲ್ಲ, ಒಂದಿಷ್ಟು ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಇದ್ದರೆ ಊಟವಾಯಿತು. ಅದರಲ್ಲೂ ಎಡವಿದವರುಂಟು. ಬಿಸಿ ಆರುವ ಮೊದಲೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ಉಗಿ ಒಳಗೇ ನಿಂತು ಎರಡು ದಿನಕ್ಕೆ ಬೂಷ್ಟು. ಬಡಿದ ರೊಟ್ಟಿಯನ್ನು ಕೆಂಡದ ಮಗ್ಗುಲಿಗೆ ನಿಲ್ಲಿಸಿ ಪೂರ್ತಿ ಒಣಗಿಸಿ, ಬಟ್ಟೆಯ ಮೇಲೆ ಹರಡಿ ಆರಿಸಿ, ಪೇಪರು ಹಾಸಿದ ರಟ್ಟಿನ ಡಬ್ಬಿಯಲ್ಲಿ ಅಲುಗಾಡದಂತೆ ಒತ್ತಾಗಿ ಇಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಸಡಿಲಾಗಿ ತುಂಬಿದರೆ ಲಾರಿ ಇಳಿಯುವಾಗ ಬರೀ ಚೂರು. ಈ ಜಾಣತನ ನಮ್ಮ ಹೆಣ್ಣುಮಕ್ಕಳಿಗೆ ಇದೆ. ಇಲ್ಲದ್ದು ಲಾರಿಯ ಮುಂದೆ ಲಾರಿಗಿಂತ ಉದ್ದದ ಫ್ಲೆಕ್ಸ್ ಕಟ್ಟಿ, ಹತ್ತು ಮಂದಿ ಒಂದೇ ಬ್ಲ್ಯಾಂಕೆಟ್ಟಿನ ಅಂಚು ಹಿಡಿದು ಫೋಟೋ ತೆಗೆಸಿಕೊಳ್ಳುವ ಮುಖಂಡರಿಗೆ. ಕೊಡುವವರ ಹೆಸರು ಚೀಟಿಯ ಮೇಲಿದ್ದರೆ ಸಾಕು, ತಗೊಳ್ಳುವವರ ಮುಖ ಪೇಪರಿನಲ್ಲಿ ಏಕೆ ಬರಬೇಕು?

ನಿಮ್ಮ ಮಗಳು ಹಣ ಕಟ್ಟಿದ ಚೀಟಿ ಇಟ್ಟಿದ್ದಾಳೆಯೇ ಕೇಳಿ. ಅಲ್ಲಿ ಪರಿಹಾರದ ದೇಣಿಗೆಯಲ್ಲಿ ಎರಡು ಬಗೆ. ‘ಗಿಯೆನ್‌ಕಿನ್’ ಎಂಬುದು ಪೂರ್ತಿಯಾಗಿ ಸಂತ್ರಸ್ತರ ಕೈಗೇ ಹೋಗುವ ಹಣ. ರೆಡ್ ಕ್ರಾಸ್ ಅದರಲ್ಲಿ ಆಡಳಿತ ಖರ್ಚು ಹಿಡಿಯುವುದಿಲ್ಲ. ಆದರೆ ಪ್ರಾಂತದ ಸಮಿತಿ ಕುಳಿತು, ಮನೆ ಎಷ್ಟು ಬಿದ್ದಿದೆ ಎಂಬ ಪ್ರಮಾಣಪತ್ರ ನೋಡಿ ಹಂಚುವುದರಿಂದ ತಡ. ಆ ಪ್ರಮಾಣಪತ್ರದಲ್ಲಿ ನಮ್ಮ ಹಾಗೆ ಮೂರಲ್ಲ, ಆರು ದರ್ಜೆ. ಶೇ. 50 ದಾಟಿದರೆ ಪೂರ್ಣ ಹಾನಿ, ಅಲ್ಲಿಂದ ಹತ್ತು ಹತ್ತು ಇಳಿಯುತ್ತ ಹೋಗುತ್ತದೆ. ‘ಶಿಯೆನ್‌ಕಿನ್’ ಎಂಬುದು ಕೆಲಸ ಮಾಡುವ ಸಂಸ್ಥೆಗಳಿಗೆ. ಅನ್ನ, ಔಷಧ, ಶೌಚಾಲಯಕ್ಕೆ ಕೂಡಲೇ ಖರ್ಚಾಗುತ್ತದೆ. ಮೊದಲ ವಾರ ಕೊಡುವವರು ಎರಡನೆಯದಕ್ಕೆ, ತಿಂಗಳ ಮೇಲೆ ಕೊಡುವವರು ಮೊದಲನೆಯದಕ್ಕೆ ಕೊಟ್ಟರೆ ಲೇಸು.

ಅಂಚೆ ಬ್ಯಾಂಕಿನ ಕೌಂಟರಿನಲ್ಲಿ ಪರಿಹಾರ ಖಾತೆಗೆ ಕಟ್ಟಿದರೆ ಶುಲ್ಕವಿಲ್ಲ, ಎಟಿಎಮ್ಮಿನಲ್ಲಾದರೆ ಬೀಳಬಹುದು. ಚೀಟಿಯಲ್ಲಿ ‘ರಸೀದಿ ಬೇಕು’ ಎಂದು ಬರೆಯದೇ ಇದ್ದರೆ ರಸೀದಿ ಬರುವುದಿಲ್ಲ. ಹೆಸರು ನಿವಾಸ ಕಾರ್ಡಿನಲ್ಲಿ ಇದ್ದಂತೆಯೇ ಇರಬೇಕು. ಮನೆಯಲ್ಲಿ ಕರೆಯುವ ಹೆಸರು ಬರೆದು ಆಮೇಲೆ ತೆರಿಗೆ ಕಚೇರಿಯಲ್ಲಿ ಪೇಚಾಡುವವರಿದ್ದಾರೆ. ಪ್ರಾಂತಕ್ಕೆ ಹೋಗುವ ಇಂಥ ದೇಣಿಗೆಯಲ್ಲಿ 2,000 ಯೆನ್ ಬಿಟ್ಟು ಉಳಿದದ್ದಕ್ಕೆ, ಆದಾಯದ ಮಿತಿಯೊಳಗೆ, ತೆರಿಗೆ ವಿನಾಯಿತಿ ಇದೆ. ಶಾಲೆಯವರು ಡಿಸೆಂಬರಿನಲ್ಲಿ ಮಾಡುವ ವರ್ಷಾಂತ್ಯದ ಲೆಕ್ಕದಲ್ಲಿ ಇದು ಸೇರುವುದಿಲ್ಲ, ತಾನೇ ಅರ್ಜಿ ಹಾಕಬೇಕು. ಮರೆತಿದ್ದರೂ ಮರುಪಾವತಿಗೆ ಐದು ವರ್ಷದ ಅವಕಾಶ. 2024ರ ದೇಣಿಗೆಗೆ 2029ರ ಕೊನೆಯವರೆಗೆ. ಇನ್ನೊಂದು ಮೆಚ್ಚಬೇಕಾದ ಪದ್ಧತಿ: ಪೆಟ್ಟು ತಿಂದ ಊರಿನ ಪರವಾಗಿ ಬೇರೊಂದು ಊರು ದೇಣಿಗೆ ಪಡೆದು ರಸೀದಿ ಬರೆಯುವ ಕೂಲಿ ಹೊರುತ್ತದೆ. 2016ರ ಕುಮಾಮೊತೊ ಭೂಕಂಪದಲ್ಲಿ ಇಬಾರಾಕಿ ಪ್ರಾಂತದ ಸಕಾಯಿ ಪಟ್ಟಣ ಹೀಗೆ ಮಾಡಿತು. ಹಿಂದಿನ ವರ್ಷವಷ್ಟೇ ಅದು ತಾನೇ ನೆರೆಗೆ ಸಿಕ್ಕಿತ್ತು. ನೆರೆ ಬಂದ ವರ್ಷ ರಾಮದುರ್ಗದ ಕಾಗದಪತ್ರದ ಕೆಲಸವನ್ನು ಇಂಡಿ ತಾಲೂಕಿನವರು ಹೊತ್ತರು ಎಂಬ ಸುದ್ದಿ ನಾವು ಎಂದು ಅಚ್ಚು ಹಾಕುತ್ತೇವೋ.

ಇಲ್ಲಿಗೂ ಕಳಿಸು ಎಂದು ಮಗಳಿಗೆ ಹೇಳಬೇಡಿ ಎನ್ನುತ್ತಿಲ್ಲ. ಭಾರತದ ಪಾಸ್‌ಪೋರ್ಟ್ ಇರುವತನಕ ಆಕೆ ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಪೌರತ್ವ ಬದಲಾದ ದಿನದಿಂದ ಅದೇ ಮಗಳು, ಅದೇ ರೊಕ್ಕ, ಆದರೆ ಕಾನೂನಿಗೆ ಪರದೇಶದ ಹಣ. ಆಗ ನೋಂದಣಿ ಇಲ್ಲದ ಊರಿನ ಮಠವೋ ಯುವಕ ಸಂಘವೋ ಅದನ್ನು ಮುಟ್ಟಿದರೆ ತೊಂದರೆ. ನೋಂದಣಿ ಇದ್ದರೂ 2020ರ ತಿದ್ದುಪಡಿಯ ಮೇಲೆ ಹಣ ಮೊದಲು ಇಳಿಯಬೇಕಾದ್ದು ದಿಲ್ಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲಿ. ಜಮಖಂಡಿಯ ಬಿದ್ದ ಗೋಡೆಗೆ ದಿಲ್ಲಿ ಸುತ್ತಿ ಬರುವ ಇಟ್ಟಿಗೆ!

ಉಳಿದದ್ದು ಕೌದಿ. ಅವೆರಡನ್ನೂ ಬಿಸಿಲಿಗೆ ಹಾಕಿ, ಬಿಗಿಯಾಗಿ ಸುತ್ತಿ, ಮಳೆಗೆ ನೆನೆಯದಂಥ ಹಾಳೆಯಲ್ಲಿ ಕಟ್ಟಿ, ಕಸ್ಟಮ್ಸ್ ಫಾರ್ಮಿನಲ್ಲಿ ‘ಉಡುಗೊರೆ, ಹತ್ತಿಬಟ್ಟೆಯ ಹೊದಿಕೆ, 2’ ಎಂದು ಬರೆಸಿ ಮಗಳ ವಿಳಾಸಕ್ಕೇ ಕಳಿಸಿ. ತೊಯಾಮಾದಲ್ಲಿ ಜನವರಿ ಎಂದರೆ ಹಿಮ ಬೀಳುವ ಕಾಲ. ಒಂದನ್ನು ಆಕೆ ಹೊದ್ದುಕೊಳ್ಳಲಿ, ಇನ್ನೊಂದನ್ನು ಯಾರಿಗೆ ಕೊಡಬೇಕೆಂದು ಆಕೆಗೆ ಗೊತ್ತಿರುತ್ತದೆ.